ಕೆಚ್ಚೆದೆಯ ಹುಡುಗಿಯ ಜಮಾಖರ್ಚು

ಕೌಬಾಯ್ ಕಥೆ ಎಂದಾಕ್ಷಣ ಕಣ್ಣ ಮುಂದೆ ಬರುವುದೇನು? ಅಗಲ ಅಂಚಿನ ಟೋಪಿ, ಸೊಂಟದಲ್ಲಿ ಪಿಸ್ತೂಲು, ಧೂಳೆಬ್ಬಿಸುವ ಕುದುರೆ. ಮಾತು ಕಡಿಮೆ, ಗುಂಡು ಜಾಸ್ತಿ. ಆ ಗಾಳಿ ನಮ್ಮ ಕಡೆಗೂ ಬೀಸಿತ್ತೆನ್ನಿ. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡ 'ಶೋಲೆ' (1975) ಈ ಜಾತಿಯ ಸಿನಿಮಾಗಳಿಂದ ಧಾರಾಳವಾಗಿಯೇ ಕಡ ತಂದಿತ್ತು. ಹೀಗಿರುವಾಗ, 'ನಿಮ್ಮ ಮಗಳ ಕೈಗೆ ಒಂದು ವೆಸ್ಟರ್ನ್ ಕಾದಂಬರಿ ಕೊಡಿ' ಎಂದರೆ ತಂದೆತಾಯಂದಿರು ಹುಬ್ಬೇರಿಸುವುದು ಸಹಜ. ಪರೀಕ್ಷೆಗೆ ಬಾರದ ಪುಸ್ತಕ, ಅದರಲ್ಲೂ ಹೊಡೆದಾಟದ್ದು!

ಆದರೂ ಕೊಡಿ ಎನ್ನುತ್ತೇನೆ. ಪುಸ್ತಕದ ಹೆಸರು 'ಟ್ರೂ ಗ್ರಿಟ್'. ಬರೆದವರು ಚಾರ್ಲ್ಸ್ ಪೋರ್ಟಿಸ್. 1968ರಲ್ಲಿ ಮೊದಲು 'ಸ್ಯಾಟರ್ಡೇ ಈವ್‌ನಿಂಗ್ ಪೋಸ್ಟ್' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, ಅದೇ ವರ್ಷ ಪುಸ್ತಕವಾಯಿತು. ಇನ್ನೂರು ಚಿಲ್ಲರೆ ಪುಟ, ಅಷ್ಟೆ. ಎರಡು ಭಾನುವಾರಕ್ಕೆ ಮುಗಿಯುತ್ತದೆ. ಇದನ್ನಾಧರಿಸಿ 1969ರಲ್ಲಿ ಒಂದು, 2010ರಲ್ಲಿ ಇನ್ನೊಂದು ಚಲನಚಿತ್ರ ಬಂತು. ಒಂದು ಪುಸ್ತಕ, ಎರಡು ಸಿನಿಮಾ. ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದರಲ್ಲಿ ಒಂದು ವಿಶೇಷ ಸುಖವಿದೆ. ಜೊತೆಗೆ ಒಂದು ಗಂಭೀರ ಪ್ರಶ್ನೆಯೂ ಇದೆ. ಅದಕ್ಕೆ ಆಮೇಲೆ ಬರೋಣ.

'ಗ್ರಿಟ್' ಎಂದರೆ ಮೂಲದಲ್ಲಿ ದಪ್ಪ ಮರಳು, ಗರಸು. ಹಲ್ಲಿಗೆ ಸಿಕ್ಕಿದರೆ ಕಟ್ ಎನ್ನುವ ಹರಳು. ಅದರಿಂದ ಜಗ್ಗದ, ಬಗ್ಗದ ಮನಸ್ಸು ಎಂಬ ಅರ್ಥ ಬಂತು. ನಮ್ಮಲ್ಲಿ ಇದೇ ಅರ್ಥಕ್ಕೆ 'ಕೆಚ್ಚು' ಇದೆಯಲ್ಲ, ಮರದ ತಿರುಳಿನ ಗಟ್ಟಿ ಭಾಗ. ಅವರದು ಮರಳಿನಿಂದ ಬಂತು, ನಮ್ಮದು ಮರದಿಂದ.

ಕಥೆ ಸರಳ. 1870ರ ದಶಕ. ಅಮೆರಿಕದ ಅಂತರ್ಯುದ್ಧ ಮುಗಿದು ಹೆಚ್ಚು ವರ್ಷವಾಗಿಲ್ಲ. ಆರ್ಕನ್ಸಾ ರಾಜ್ಯದ ಯೆಲ್ ಕೌಂಟಿಯ ರೈತ ಫ್ರಾಂಕ್ ರಾಸ್ ತಟ್ಟು ಕುದುರೆಗಳನ್ನು ಕೊಳ್ಳಲು ಫೋರ್ಟ್ ಸ್ಮಿತ್ ಪಟ್ಟಣಕ್ಕೆ ಹೋಗುತ್ತಾನೆ. ಜೊತೆಗಿದ್ದ ಆಳು ಟಾಮ್ ಚೇನಿ ಕುಡಿದ ಅಮಲಿನಲ್ಲಿ ಒಡೆಯನನ್ನೇ ಗುಂಡಿಟ್ಟು ಕೊಂದು, ಅವನ ಹಣ ಮತ್ತು ಎರಡು ಚಿನ್ನದ ತುಂಡುಗಳನ್ನು ದೋಚಿ, ಕುದುರೆ ಕದ್ದು ಪರಾರಿಯಾಗುತ್ತಾನೆ. ಓಡಿಹೋದದ್ದು ನದಿಯಾಚೆಯ 'ಇಂಡಿಯನ್ ಟೆರಿಟರಿ'ಗೆ, ಎಂದರೆ ಮೂಲನಿವಾಸಿಗಳನ್ನು ಅಮೆರಿಕ ಸರಕಾರ ಒತ್ತಾಯದಿಂದ ತಂದು ನೆಲೆಗೊಳಿಸಿದ್ದ ಸೀಮೆಗೆ. 1907ರಲ್ಲಿ ಅದು ಓಕ್ಲಹೋಮಾ ರಾಜ್ಯವಾಯಿತು. ಸತ್ತವನ ದೇಹ ತರಲು ಫೋರ್ಟ್ ಸ್ಮಿತ್‌ಗೆ ಬರುವವಳು ಹದಿನಾಲ್ಕು ವರ್ಷದ ಹಿರಿಮಗಳು ಮ್ಯಾಟಿ. ಶವಪೆಟ್ಟಿಗೆಯನ್ನು ಮನೆಯ ಕೆಲಸಗಾರನ ಜೊತೆ ರೈಲಿನಲ್ಲಿ ಕಳಿಸಿ, ತಾನು ಅಲ್ಲೇ ಉಳಿಯುತ್ತಾಳೆ. ಕೊಲೆಗಾರನನ್ನು ಹಿಡಿದು ಗಲ್ಲಿಗೇರಿಸಬೇಕು. ತಾಯಿಗೆ ಅಕ್ಷರ ಲೆಕ್ಕ ಅಷ್ಟಕ್ಕಷ್ಟೆ. ಮನೆಯ ಲೆಕ್ಕಪತ್ರವೆಲ್ಲ ಇವಳದೇ.

ಈ ಲೆಕ್ಕವೇ ಕಾದಂಬರಿಯ ಜೀವ. ಇಡೀ ಕಥೆಯನ್ನು ಮ್ಯಾಟಿಯೇ ಹೇಳುತ್ತಾಳೆ, ಅದೂ ಮುದುಕಿಯಾದ ಮೇಲೆ, ಒಂದು ಬ್ಯಾಂಕಿನ ಒಡತಿಯಾದ ಮೇಲೆ. ಕೊಲೆಯ ವಿವರದ ನಡುವೆಯೇ ಯಾವುದಕ್ಕೆ ಎಷ್ಟು ಖರ್ಚಾಯಿತು, ಯಾರು ಎಷ್ಟು ಮೋಸ ಮಾಡಲು ನೋಡಿದರು ಎಂಬುದು ಸೆಂಟಿನ ಲೆಕ್ಕದಲ್ಲಿ ಬರುತ್ತದೆ. ಅಪ್ಪನ ಶವದ ಪಕ್ಕ ನಿಂತೂ ಅವಳು ಶವಸಂಸ್ಕಾರದವನ ದರ ಹೆಚ್ಚಾಯಿತೆಂದು ತಕರಾರು ತೆಗೆಯುತ್ತಾಳೆ. ನಮಗೆ ನಗು ಬರುತ್ತದೆ. ಒಂದೆರಡು ಪುಟ ಕಳೆದ ಮೇಲೆ ತಿಳಿಯುತ್ತದೆ, ಈ ಹುಡುಗಿ ಅಳುವುದನ್ನು ತಡೆಯಲು ಲೆಕ್ಕ ಮಾಡುತ್ತಿದ್ದಾಳೆ ಎಂದು. ಲೇಖಕರು ಅದನ್ನು ಎಲ್ಲಿಯೂ ಹೇಳುವುದಿಲ್ಲ.

ಕುದುರೆ ವ್ಯಾಪಾರಿ ಕರ್ನಲ್ ಸ್ಟೋನ್‌ಹಿಲ್ ಜೊತೆ ಅವಳು ನಡೆಸುವ ಚೌಕಾಸಿಯನ್ನಂತೂ ಎಷ್ಟು ಸಲ ಓದಿದರೂ ಬೇಸರವಿಲ್ಲ. ಅಪ್ಪ ಕೊಂಡ ತಟ್ಟುಗಳನ್ನು ವಾಪಸು ತೆಗೆದುಕೊಳ್ಳಿ. ನಿಮ್ಮ ಲಾಯದಿಂದ ಕಳುವಾದ ಅಪ್ಪನ ಕುದುರೆಯ ಬೆಲೆ ಕೊಡಿ. ಕಳ್ಳ ಬಿಟ್ಟುಹೋದ ಬೂದು ಕುದುರೆಗೂ ಬೆಲೆ ಕಟ್ಟಿ. ಇಲ್ಲದಿದ್ದರೆ ನಮ್ಮ ವಕೀಲ ಡ್ಯಾಗೆಟ್ ಇದ್ದಾರೆ! ಮುದುಕ ಸಿಡಿಮಿಡಿಗುಟ್ಟುತ್ತಾನೆ, ಬೆದರಿಸುತ್ತಾನೆ, ಕೊನೆಗೆ ಜ್ವರ ಹಿಡಿದವನಂತೆ ಹಣ ಎಣಿಸುತ್ತಾನೆ. ಮರುದಿನ ಅವಳು ಮತ್ತೆ ಬಂದು, ಅವನಿಗೆ ಹಿಂದಿರುಗಿಸಿದ ತಟ್ಟುಗಳಲ್ಲೇ ಒಂದನ್ನು ಅಗ್ಗದ ದರಕ್ಕೆ ಕೊಂಡುಕೊಳ್ಳುತ್ತಾಳೆ. ಅದೇ ಬ್ಲ್ಯಾಕಿ. ಅದರ ಹೆಸರು ನೆನಪಿಟ್ಟುಕೊಳ್ಳಿ.

ಸಂತೆಯಲ್ಲಿ ಗ್ರಾಂಥಿಕ ಭಾಷೆ

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಇಂಗ್ಲಿಷ್ ಕಾದಂಬರಿ ಕಷ್ಟವಾಗದೇ ಎಂಬ ಪ್ರಶ್ನೆ ಬರುತ್ತದೆ. ಈ ಪುಸ್ತಕದ ಮಟ್ಟಿಗೆ ಧೈರ್ಯ ಹೇಳಬಹುದು. ಮ್ಯಾಟಿಯ ವಾಕ್ಯಗಳು ಚಿಕ್ಕವು, ನೆಟ್ಟಗಿನವು. ಅಲಂಕಾರವಿಲ್ಲ. ಮಾತಿನಲ್ಲಿ ಪದಗಳನ್ನು ಕತ್ತರಿಸಿ ಕೂಡಿಸುವ ಅಭ್ಯಾಸವೂ ಅಲ್ಲಿನ ಪಾತ್ರಗಳಿಗೆ ಬಹುಪಾಲು ಇಲ್ಲ. ಕಳ್ಳಕಾಕರು ಕೂಡ ಪೂರ್ತಿ ಪೂರ್ತಿ ಪದಗಳಲ್ಲಿ ಮಾತಾಡುತ್ತಾರೆ. ಸಂತೆಯಲ್ಲಿ ನಿಂತು ಗ್ರಾಂಥಿಕ ಕನ್ನಡದಲ್ಲಿ ಬದನೆಕಾಯಿಗೆ ಚೌಕಾಸಿ ಮಾಡಿದರೆ ಹೇಗಿರುತ್ತದೆ? ಅಂಥದೊಂದು ತಮಾಷೆ ಪುಸ್ತಕದುದ್ದಕ್ಕೂ ಇದೆ. ಬೈಬಲ್ ಓದಿಯೇ ಬೆಳೆದ ಜನರ ಭಾಷೆ ಅದು.

ಈ ಧ್ವನಿ ಪೋರ್ಟಿಸ್‌ಗೆ ಸಿಕ್ಕಿದ ಬಗೆಯೂ ಸ್ವಾರಸ್ಯದ್ದು. 1933ರಲ್ಲಿ ಆರ್ಕನ್ಸಾದ ಎಲ್ ಡೊರಾಡೊದಲ್ಲಿ ಹುಟ್ಟಿದ ಅವರು ಕೊರಿಯಾ ಯುದ್ಧದಲ್ಲಿ ಮರೀನ್ ದಳದಲ್ಲಿದ್ದು ಬಂದು, ಪತ್ರಿಕೋದ್ಯಮ ಓದಿದರು. ವಿದ್ಯಾರ್ಥಿಯಾಗಿದ್ದಾಗ ಸ್ಥಳೀಯ ಪತ್ರಿಕೆಯೊಂದರಲ್ಲಿ ಅರೆಕಾಲಿಕ ಕೆಲಸ. ಹಳ್ಳಿಗಳಿಂದ ಹೆಂಗಸರು ಕೈಬರಹದಲ್ಲಿ ಕಳಿಸುತ್ತಿದ್ದ ಸುದ್ದಿಗಳನ್ನು ತಿದ್ದುವುದು ಅವರ ಪಾಲಿನದು. ಆ ಬರಹಗಳಲ್ಲಿದ್ದ ಜೀವಂತಿಕೆಯನ್ನೆಲ್ಲ ತಾವೇ ಹೊಡೆದುಹಾಕುತ್ತಿದ್ದುದಾಗಿ ಬಹಳ ವರ್ಷಗಳ ನಂತರ ಹೇಳಿಕೊಂಡರು. ಹೊಡೆದುಹಾಕಿದ್ದೆಲ್ಲ ಮ್ಯಾಟಿಯ ಬಾಯಲ್ಲಿ ಮರಳಿ ಬಂತು ಎನ್ನಬೇಕು. ಮುಂದೆ 'ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್' ಪತ್ರಿಕೆಯ ಲಂಡನ್ ಕಚೇರಿಯ ಮುಖ್ಯಸ್ಥರಾಗಿದ್ದವರು 1964ರಲ್ಲಿ ಆ ಕೆಲಸ ಬಿಟ್ಟು ಊರಿಗೆ ಮರಳಿ ಕಾದಂಬರಿ ಬರೆಯಲು ಕುಳಿತರು. ಒಟ್ಟು ಬರೆದದ್ದು ಐದೇ ಕಾದಂಬರಿ. 2020ರಲ್ಲಿ ತೀರಿಕೊಂಡರು.

ಅಮೆರಿಕದ ಲೇಖಕಿ ಡಾನಾ ಟಾರ್ಟ್ ತಮ್ಮ ಮನೆಯಲ್ಲಿ ಈ ಪುಸ್ತಕವನ್ನು ತಾಯಿ, ಅಜ್ಜಿ, ಮುತ್ತಜ್ಜಿ ಎಲ್ಲರೂ ಓದಿ ಮೆಚ್ಚಿದ್ದನ್ನು ಬರೆದಿದ್ದಾರೆ. ಮುಂದೆ ಈ ಕಾದಂಬರಿಯ ಧ್ವನಿಪುಸ್ತಕವನ್ನು ಓದಿದವರೂ ಅವರೇ. ಓದುವುದಕ್ಕಿಂತ ಕೇಳುವುದೇ ಸಲೀಸು ಎನ್ನುವ ಮಕ್ಕಳಿಗೆ ಅದೂ ಒಂದು ದಾರಿ.

ಮೂವರಲ್ಲಿ ಯಾರು?

ಈಗ ಗಂಭೀರ ಪ್ರಶ್ನೆಗೆ ಬರೋಣ. ಚೇನಿಯನ್ನು ಹಿಡಿಯಲು ಮ್ಯಾಟಿಗೆ ಒಬ್ಬ ಮಾರ್ಷಲ್ ಬೇಕು, ಎಂದರೆ ಕೇಂದ್ರ ಸರಕಾರದ ನ್ಯಾಯಾಲಯದ ಪರವಾಗಿ ಅಪರಾಧಿಗಳನ್ನು ಹಿಡಿದು ತರುವ ಅಧಿಕಾರಿ. ಇವರಿಗೆ ತಿಂಗಳ ಸಂಬಳವಿರಲಿಲ್ಲ. ಹಿಡಿದವರ ಲೆಕ್ಕಕ್ಕೆ, ಕ್ರಮಿಸಿದ ಮೈಲಿಗೆ ಇಷ್ಟೆಂದು ಭತ್ಯೆ. ಅತ್ಯುತ್ತಮ ಯಾರು ಎಂದು ಮ್ಯಾಟಿ ಕೇಳುತ್ತಾಳೆ. ಪಟ್ಟಣದ ಷೆರೀಫ್ ಮೂವರ ಹೆಸರು ಹೇಳುತ್ತಾನೆ. ಒಬ್ಬ ಹೆಜ್ಜೆ ಜಾಡು ಹಿಡಿಯುವುದರಲ್ಲಿ ನಿಸ್ಸೀಮ. ಇನ್ನೊಬ್ಬ ರೂಸ್ಟರ್ ಕಾಗ್‌ಬರ್ನ್, ಹೆಸರಿನ ಅರ್ಥವೇ ಹುಂಜ. ಕರುಣೆಯಿಲ್ಲದವನು, ಕುಡುಕ, ಭಯವೆಂದರೇನೆಂದು ಅರಿಯದವನು. ಮೂರನೆಯವನು ಕೈದಿಗಳನ್ನು ಜೀವಂತ ಹಿಡಿದು ತರುವವನು. ಎಂಥ ನೀಚನಿಗೂ ನ್ಯಾಯವಾದ ವಿಚಾರಣೆ ಸಿಗಬೇಕೆನ್ನುವವನು. ತನಗೆ ಕೇಳಿದರೆ ಇವನೇ ಉತ್ತಮ ಎನ್ನುತ್ತಾನೆ ಷೆರೀಫ್.

ಮ್ಯಾಟಿ ಒಂದು ಕ್ಷಣವೂ ಯೋಚಿಸುವುದಿಲ್ಲ. ಹುಂಜನ ವಿಳಾಸ ಕೇಳುತ್ತಾಳೆ.

ಓದುವಾಗ ನಗು ಬರುವ ಜಾಗ ಇದು. ಎರಡು ಸಿನಿಮಾಗಳಲ್ಲೂ ಪ್ರೇಕ್ಷಕರು ನಗುವುದು ಇಲ್ಲೇ. ಆದರೆ ಕಾನೂನು, ವಕೀಲ, ಕರಾರುಪತ್ರ ಎಂದು ಮಾತೆತ್ತಿದರೆ ಹೇಳುವ ಹುಡುಗಿ, ಕಾನೂನಿಗೆ ನಿಷ್ಠನಾದವನನ್ನು ಬಿಟ್ಟು ಕೊಲ್ಲುವುದರಲ್ಲಿ ಪಳಗಿದವನನ್ನು ಆರಿಸಿಕೊಂಡಳು. ಅವಳಿಗೆ ಬೇಕಾದದ್ದು ನ್ಯಾಯವೋ, ಸೇಡೋ? ಪೋರ್ಟಿಸ್ ಉತ್ತರ ಕೊಡುವುದಿಲ್ಲ. ಮುಂದಿನ ಪುಟಗಳಲ್ಲಿ ಬಿಲ್ಲು ಮಾತ್ರ ಕಳಿಸುತ್ತಾರೆ.

ರೂಸ್ಟರ್‌ನನ್ನು ಅವಳು ಮೊದಲು ಕಾಣುವುದೇ ನ್ಯಾಯಾಲಯದ ಕಟಕಟೆಯಲ್ಲಿ. ಎಷ್ಟು ಜನರನ್ನು ಕೊಂದಿದ್ದೀರಿ ಎಂದು ಎದುರುಪಕ್ಷದ ವಕೀಲ ಪಟ್ಟಾಗಿ ಕೇಳುತ್ತಾನೆ. ಇವನ ಉತ್ತರಗಳು ಜಾರುತ್ತಾ ಹೋಗುತ್ತವೆ. ಆ ನ್ಯಾಯಾಲಯವೂ ಅದರ ನ್ಯಾಯಾಧೀಶ ಐಸಾಕ್ ಪಾರ್ಕರ್ ಕೂಡ ನಿಜವಾದವರು. 1875ರಿಂದ 1896ರವರೆಗೆ ಫೋರ್ಟ್ ಸ್ಮಿತ್‌ನಲ್ಲಿ ಕುಳಿತು ಅವರು 160 ಮಂದಿಗೆ ಮರಣದಂಡನೆ ವಿಧಿಸಿದರು. 79 ಮಂದಿ ಗಲ್ಲಿಗೇರಿದರು. 1889ರವರೆಗೆ ಅವರ ತೀರ್ಪಿನ ಮೇಲೆ ಅಪೀಲೇ ಇರಲಿಲ್ಲ. ಚರಿತ್ರೆ ಓದುವ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಕಾದಂಬರಿಯ ಮ್ಯಾಟಿಗೆ ಪಾರ್ಕರ್ ಬಗ್ಗೆ ಗೌರವ; ನಮಗೂ ಇರಲೇಬೇಕೆಂದಿಲ್ಲ.

ರೂಸ್ಟರ್ ಜೊತೆಗೆ ಟೆಕ್ಸಾಸ್‌ನ ರೇಂಜರ್ ಲಬೀಫ್ ಸೇರುತ್ತಾನೆ. ಅವನೂ ಚೇನಿಯ ಬೆನ್ನುಹತ್ತಿದವನೇ, ಟೆಕ್ಸಾಸ್‌ನ ಸೆನೆಟರೊಬ್ಬನ ಕೊಲೆಗಾಗಿ. ಅಲ್ಲಿ ದೊಡ್ಡ ಬಹುಮಾನವಿದೆ. ಹೇಗೂ ಗಲ್ಲಿಗೇರುತ್ತಾನಲ್ಲ, ಎಲ್ಲಾದರೇನು ಎಂಬುದು ಅವನ ವಾದ. ಮ್ಯಾಟಿ ಒಪ್ಪುವುದಿಲ್ಲ. ಯಾರೋ ಸೆನೆಟರನ ಕೊಲೆಗಲ್ಲ, ತನ್ನ ಅಪ್ಪನ ಕೊಲೆಗಾಗಿಯೇ ಚೇನಿ ಸಾಯಬೇಕು. ಒಂದು ಸಣ್ಣ ರೈತನ ಜೀವವೂ ಸರಕಾರಿ ಪುಸ್ತಕದಲ್ಲಿ ದಾಖಲಾಗಬೇಕು ಎಂಬ ಆ ಹಟವಿದೆಯಲ್ಲ, ಅಲ್ಲಿ ಈ ಹುಡುಗಿ ನಮ್ಮವಳೇ ಆಗಿಬಿಡುತ್ತಾಳೆ.

ಒಂದು ಕಥೆ, ಎರಡು ಬಣ್ಣ

1969ರ ಚಿತ್ರ ಹೆನ್ರಿ ಹ್ಯಾಥವೇ ನಿರ್ದೇಶನದ್ದು. ರೂಸ್ಟರ್ ಆದವರು ಜಾನ್ ವೇಯ್ನ್. ಆಗ ಅವರಿಗೆ 61 ದಾಟಿತ್ತು. 1964ರಲ್ಲಿ ಕ್ಯಾನ್ಸರ್‌ನಿಂದ ಒಂದು ಶ್ವಾಸಕೋಶ ತೆಗೆಸಿಕೊಂಡಿದ್ದರು. ನಾಲ್ಕು ದಶಕ ನೆಟ್ಟಗೆ ನಿಂತು ವೀರನಾಗಿ ಮೆರೆದವರು ಇಲ್ಲಿ ತಮ್ಮನ್ನೇ ಗೇಲಿ ಮಾಡಿಕೊಂಡರು. ಹೊಟ್ಟೆ, ಕುಡಿತ, ಎಡಗಣ್ಣಿಗೆ ಕಪ್ಪು ಪಟ್ಟಿ. ಅದಕ್ಕೆ ಅವರಿಗೆ ಬಂದ ಏಕೈಕ ನಟನಾ ಆಸ್ಕರ್ 1970ರಲ್ಲಿ ಸಿಕ್ಕಿತು. ಮೊದಲೇ ಗೊತ್ತಿದ್ದರೆ ಮೂವತ್ತೈದು ವರ್ಷ ಹಿಂದೆಯೇ ಪಟ್ಟಿ ಕಟ್ಟಿಕೊಳ್ಳುತ್ತಿದ್ದೆ ಎಂದು ಆ ವೇದಿಕೆಯಲ್ಲೇ ಚಟಾಕಿ ಹಾರಿಸಿದರು. ಚಿತ್ರಕಥೆ ಬರೆದ ಮಾರ್ಗರೀಟ್ ರಾಬರ್ಟ್ಸ್ ಎಡಪಂಥೀಯರೆಂಬ ಆರೋಪದಿಂದ ಹಾಲಿವುಡ್‌ನ ಕಪ್ಪುಪಟ್ಟಿಗೆ ಸೇರಿ ವರ್ಷಗಟ್ಟಲೆ ಕೆಲಸವಿಲ್ಲದೆ ಇದ್ದವರು. ವೇಯ್ನ್ ಕಡುವಿರೋಧಿ ಪಾಳೆಯದವರು. ಆದರೂ ಅವರ ಚಿತ್ರಕಥೆಯನ್ನು ಬಾಯ್ತುಂಬ ಹೊಗಳಿದರು. ಒಳ್ಳೆಯ ಕಥೆಗೆ ಇಂಥ ಶಕ್ತಿಯೂ ಇರುತ್ತದೆ.

ಆ ಚಿತ್ರದಲ್ಲಿ ಎಲ್ಲವೂ ಬೆಳಕು. ಕೊಲೊರಾಡೊದ ಹಿಮ ಹೊದ್ದ ಪರ್ವತಗಳ ಕೆಳಗೆ ಹಳದಿ ಎಲೆಗಳು ಮಿನುಗುತ್ತವೆ. ಕಥೆ ನಡೆಯುವ ಸೀಮೆಯಲ್ಲಿ ಅಂಥ ಪರ್ವತಗಳೇ ಇಲ್ಲ! ರಾಯಚೂರಿನ ಕಥೆಯನ್ನು ಕೊಡಚಾದ್ರಿಯಲ್ಲಿ ತೆಗೆದ ಹಾಗೆ. ಮ್ಯಾಟಿಯಾದ ಕಿಮ್ ಡಾರ್ಬಿಗೆ ಆಗ 21 ವರ್ಷ. ಚುರುಕಾಗಿದ್ದಾರೆ, ಆದರೆ ಹದಿನಾಲ್ಕರ ಹುಡುಗಿ ಎಂದು ನಂಬುವುದು ಕಷ್ಟ. ಇಡೀ ಚಿತ್ರ ವೇಯ್ನ್ ಅವರದಾಗುತ್ತದೆ. ಹುಡುಗಿ ಹೇಳಿದ ಕಥೆ ಮುದುಕನ ಕಥೆಯಾಗುತ್ತದೆ.

2010ರಲ್ಲಿ ಜೋಯೆಲ್ ಮತ್ತು ಈಥನ್ ಕೋಯೆನ್ ಸಹೋದರರು ಪುನಃ ಪುಸ್ತಕಕ್ಕೇ ಮರಳಿದರು. ಶುರುವಿನಲ್ಲೇ ದೊಡ್ಡವಳಾದ ಮ್ಯಾಟಿಯ ಧ್ವನಿ. ಕತ್ತಲು, ಬೀಳುವ ಹಿಮ, ನೆಲದ ಮೇಲೆ ಒಂದು ದೇಹ. ರೋಜರ್ ಡೀಕಿನ್ಸ್ ಅವರ ಛಾಯಾಗ್ರಹಣದಲ್ಲಿ ಎಲೆಯುದುರಿದ ಮರಗಳು, ಬೂದು ಆಕಾಶ. ಜೆಫ್ ಬ್ರಿಜಸ್ ಅವರ ರೂಸ್ಟರ್ ಮಾತಾಡಿದರೆ ಗಂಟಲಲ್ಲಿ ಕಲ್ಲು ಅರೆದಂತೆ; ಕಣ್ಣಿನ ಪಟ್ಟಿ ಈ ಸಲ ಬಲಕ್ಕೆ. ಪುಸ್ತಕದಲ್ಲಿ ಒಂದು ಕಣ್ಣು ಹೋದದ್ದು ನಿಜ, ಪಟ್ಟಿ ಮಾತ್ರ ಇಲ್ಲ. ಮ್ಯಾಟಿಯ ಪಾತ್ರಕ್ಕೆ ಸುಮಾರು 15,000 ಹುಡುಗಿಯರನ್ನು ಪರಿಶೀಲಿಸಿ 13 ವರ್ಷದ ಹೇಲಿ ಸ್ಟೈನ್‌ಫೆಲ್ಡ್‌ಳನ್ನು ಆರಿಸಿದರು. ಹೆಚ್ಚುಕಡಿಮೆ ಪ್ರತಿ ದೃಶ್ಯದಲ್ಲೂ ಅವಳಿದ್ದಾಳೆ. ಆದರೂ ಆಸ್ಕರ್‌ಗೆ ಹೆಸರು ಹೋದದ್ದು 'ಪೋಷಕ ನಟಿ' ವಿಭಾಗಕ್ಕೆ! ಚಿತ್ರಕ್ಕೆ 10 ನಾಮನಿರ್ದೇಶನ ಬಂದು ಒಂದೂ ಪ್ರಶಸ್ತಿ ಸಿಗಲಿಲ್ಲ.

ಒಂದು ದೃಶ್ಯವನ್ನು ಮಾತ್ರ ಎರಡೆರಡು ಸಲ ನೋಡಿ. ಫೋರ್ಟ್ ಸ್ಮಿತ್‌ನಲ್ಲಿ ಮೂವರನ್ನು ಗಲ್ಲಿಗೇರಿಸುವ ದೃಶ್ಯ. ಇಬ್ಬರು ಬಿಳಿಯರು ಕೊನೆಯ ಮಾತು ಹೇಳುತ್ತಾರೆ. ಮೂರನೆಯವನು ಮೂಲನಿವಾಸಿ. ಪುಸ್ತಕದಲ್ಲಿ ಅವನೂ ಸಮಾಧಾನದಿಂದ, ಪಶ್ಚಾತ್ತಾಪಪಟ್ಟಿದ್ದೇನೆ, ಸಿದ್ಧನಿದ್ದೇನೆ ಎಂದು ಹೇಳುತ್ತಾನೆ. ಕೋಯೆನ್ ಸಹೋದರರ ಚಿತ್ರದಲ್ಲಿ ಅವನು ಬಾಯಿ ತೆರೆಯುವಷ್ಟರಲ್ಲೇ ಮುಖಕ್ಕೆ ಮುಸುಕು ಬೀಳುತ್ತದೆ. ಎರಡೇ ಸೆಕೆಂಡು. ಯಾರದೋ ನೆಲದಲ್ಲಿ ಯಾರೋ ನಡೆಸಿದ ನ್ಯಾಯದ ಬಗ್ಗೆ ಆ ಎರಡು ಸೆಕೆಂಡು ಹೇಳುವಷ್ಟನ್ನು ದೊಡ್ಡ ಭಾಷಣ ಹೇಳಲಾರದು. ಆದರೆ ಅದೇ ಚಿತ್ರದಲ್ಲಿ ರೂಸ್ಟರ್ ಇಬ್ಬರು ಮೂಲನಿವಾಸಿ ಮಕ್ಕಳನ್ನು ಜಗಲಿಯಿಂದ ಒದ್ದು ಬೀಳಿಸುವುದನ್ನು ನಗೆಯ ಪ್ರಸಂಗವಾಗಿ ತೋರಿಸಿದ್ದಾರೆ. ಅವರು ಹೇಸರಗತ್ತೆಯನ್ನು ಪೀಡಿಸುತ್ತಿದ್ದರು, ಸರಿ. ನನಗೆ ನಗು ಬರಲಿಲ್ಲ. ಮನೆಯಲ್ಲಿ ನೋಡುವಾಗ ಅಲ್ಲಿ ನಿಲ್ಲಿಸಿ ಮಕ್ಕಳಿಗೆ ಏನನ್ನಿಸಿತೆಂದು ಕೇಳಬಹುದು. ಪುಸ್ತಕದಲ್ಲೂ ಆ ಕಾಲದ ಬಿಳಿಯರು ಕರಿಯರ, ಮೂಲನಿವಾಸಿಗಳ ಬಗ್ಗೆ ಆಡುತ್ತಿದ್ದ ಮಾತುಗಳಿವೆ. ರೂಸ್ಟರ್ ಅಂತರ್ಯುದ್ಧದಲ್ಲಿ ಕ್ವಾಂಟ್ರಿಲ್‌ನ ಕುಖ್ಯಾತ ಪಡೆಯಲ್ಲಿದ್ದವನು. 1863ರಲ್ಲಿ ಲಾರೆನ್ಸ್ ಪಟ್ಟಣದಲ್ಲಿ ನೂರಾರು ನಿರಾಯುಧರನ್ನು ಕೊಂದ ಪಡೆ ಅದು. ಈ ವಿಷಯಕ್ಕೆ ಅವನಿಗೂ ಲಬೀಫ್‌ಗೂ ಜಗಳವೇ ಆಗುತ್ತದೆ. ನಮ್ಮ ನಾಯಕ ಶುದ್ಧಹಸ್ತನೇನಲ್ಲ.

ಬಿಲ್ಲು ಪಾವತಿ

ಕೊನೆ ಹೇಳದೆ ಈ ಮೂರನ್ನೂ ಹೋಲಿಸಲಾಗದು. ಕೊನೆ ಬೇಡವೆನ್ನುವವರು ಈ ಭಾಗವನ್ನು ಪುಸ್ತಕ ಮುಗಿಸಿ ಓದಲಿ.

ಚೇನಿ ಸಿಗುತ್ತಾನೆ. ಮ್ಯಾಟಿ ಗುಂಡು ಹಾರಿಸುತ್ತಾಳೆ. ಆ ಹೊಡೆತದ ರಭಸಕ್ಕೆ ತಾನೇ ಹಿಂದಕ್ಕೆ ಚಿಮ್ಮಿ ಹಾವುಗಳ ಗುಂಡಿಗೆ ಬೀಳುತ್ತಾಳೆ. ಪುಸ್ತಕದಲ್ಲಿ, ಹಾಗೆಯೇ ಹಳೆಯ ಚಿತ್ರದಲ್ಲಿ, ಅವಳ ಗುಂಡು ತಗುಲಿಯೂ ಚೇನಿ ಬದುಕಿರುತ್ತಾನೆ. ಅವನನ್ನು ಮುಗಿಸುವವನು ರೂಸ್ಟರ್. 2010ರ ಚಿತ್ರದಲ್ಲಿ ಹುಡುಗಿಯ ಗುಂಡೇ ಅವನನ್ನು ಕೊಲ್ಲುತ್ತದೆ. ಇದು ಸಣ್ಣ ಬದಲಾವಣೆಯಲ್ಲ. ಸೇಡನ್ನು ಪೂರ್ತಿ ಅವಳ ಕೈಗೇ ಕೊಟ್ಟು, ಮರುಕ್ಷಣವೇ ಗುಂಡಿಗೆ ತಳ್ಳುತ್ತಾರೆ ನಿರ್ದೇಶಕರು.

ಹಾವು ಕಚ್ಚಿದ ಹುಡುಗಿಯನ್ನು ಎತ್ತಿಕೊಂಡು ರೂಸ್ಟರ್ ಓಡಿಸುವುದು ಅದೇ ಬ್ಲ್ಯಾಕಿಯನ್ನು. ಪಾಪದ ತಟ್ಟು ಓಡಿ ಓಡಿ ಸಾಯುತ್ತದೆ. ಆಮೇಲೆ ಮುದುಕ ಅವಳನ್ನು ಹೊತ್ತು ಏದುಸಿರು ಬಿಡುತ್ತ ನಡೆಯುತ್ತಾನೆ. ಹೊಸ ಚಿತ್ರದಲ್ಲಿ ನಕ್ಷತ್ರಗಳ ಕೆಳಗೆ ಸಾಗುವ ಈ ರಾತ್ರಿಯ ದಾರಿಯನ್ನು ಒಮ್ಮೆ ನೋಡಿದವರು ಮರೆಯಲಾರರು. ಹಿನ್ನೆಲೆಯಲ್ಲಿ ಕಾರ್ಟರ್ ಬರ್ವೆಲ್ ಬಳಸಿದ್ದು 19ನೇ ಶತಮಾನದ ಒಂದು ಭಕ್ತಿಗೀತೆಯ ಧಾಟಿ. ದೇವರ ತೋಳಿಗೆ ಒರಗಿಕೊಳ್ಳುವ ಭಾವದ್ದು. ಮ್ಯಾಟಿ ಬದುಕುತ್ತಾಳೆ. ಅವಳ ತೋಳು ಉಳಿಯುವುದಿಲ್ಲ, ಮೊಣಕೈ ಮೇಲಕ್ಕೆ ಕತ್ತರಿಸಬೇಕಾಗುತ್ತದೆ.

1969ರ ಚಿತ್ರ ಇದನ್ನು ಕೈಬಿಟ್ಟಿತು. ಅಲ್ಲಿ ಕೈ ಉಳಿಯುತ್ತದೆ. ಬದಲಿಗೆ, ಪುಸ್ತಕದಲ್ಲಿ ಬದುಕುಳಿಯುವ ಲಬೀಫ್ ಸಾಯುತ್ತಾನೆ. ಸಿನಿಮಾ ನೋಡಿ ಮನೆಗೆ ಹೋಗುವವರ ಮನಸ್ಸು ಮುದುಡಬಾರದಲ್ಲ! ಎಳೆಯರಿಗಾಗಿ ಕಥೆಯನ್ನು ಮೆತ್ತಗೆ ಮಾಡುವ ಈ ಅಭ್ಯಾಸ ನಮಗೆಲ್ಲ ಇದೆ. ಇಲ್ಲಿ ಮಾತ್ರ ಅದರಿಂದ ಮೋಸವಾಗಿದೆ ಎಂದೇ ನನ್ನ ಭಾವನೆ. ಸೆಂಟು ಸೆಂಟಿಗೂ ಲೆಕ್ಕ ಇಡುವ ಹುಡುಗಿ ತನ್ನ ತೋಳನ್ನೂ ಖರ್ಚಿನ ಕಡೆ ಬರೆದುಕೊಂಡು ಸುಮ್ಮನಾಗುತ್ತಾಳೆ. ದೂರುವುದಿಲ್ಲ, ಹೆಮ್ಮೆಪಡುವುದೂ ಇಲ್ಲ. ಪುಸ್ತಕದ ತೂಕವೆಲ್ಲ ಇರುವುದು ಅಲ್ಲಿ.

ಹಿಂಸೆಯ ಬಗ್ಗೆ ತಂದೆತಾಯಂದಿರಿಗೆ ಒಂದು ಮಾತು. 2010ರ ಚಿತ್ರಕ್ಕೆ ಅಮೆರಿಕದಲ್ಲಿ ಕೊಟ್ಟದ್ದು, 13ರ ಕೆಳಗಿನ ಮಕ್ಕಳ ವಿಷಯದಲ್ಲಿ ಹಿರಿಯರು ಎಚ್ಚರ ವಹಿಸಿ ಎಂಬ ಪ್ರಮಾಣಪತ್ರ. ಗುಡಿಸಲೊಂದರಲ್ಲಿ ಬೆರಳು ಕತ್ತರಿಸುವ ದೃಶ್ಯವಿದೆ, ಗಲ್ಲಿದೆ, ಹಾವಿದೆ. ಹೈಸ್ಕೂಲು ಮುಟ್ಟಿದ ಮಕ್ಕಳು ಜೊತೆಗೆ ಯಾರಾದರೂ ಇದ್ದರೆ ನೋಡಬಹುದು. ಅವಧಿ 110 ನಿಮಿಷ. ಹಳೆಯದು 128 ನಿಮಿಷ.

ಮೊದಲು ಪುಸ್ತಕ, ಆಮೇಲೆ 2010ರ ಚಿತ್ರ, ಕೊನೆಗೆ 1969ರದು ಎಂಬ ಕ್ರಮ ಒಳ್ಳೆಯದು. ಮ್ಯಾಟಿಯ ಧ್ವನಿ ಕಿವಿಯಲ್ಲಿ ಕೂತ ಮೇಲೆ ಯಾವ ನಟ ಬಂದರೂ ಅವಳನ್ನು ಬದಿಗೆ ಸರಿಸಲಾರ. ಚೌಕಾಸಿಯ ಅಧ್ಯಾಯವನ್ನು ಮನೆಯಲ್ಲಿ ಇಬ್ಬರು ಸೇರಿ ಗಟ್ಟಿಯಾಗಿ ಓದಿ: ಮಗಳು ಮ್ಯಾಟಿ, ಅಪ್ಪ ಸ್ಟೋನ್‌ಹಿಲ್. ಅಪ್ಪ ಸೋಲುವುದು ಖಂಡಿತ. ವೇಯ್ನ್ ಅದೇ ಪಾತ್ರದಲ್ಲಿ ಕ್ಯಾಥರೀನ್ ಹೆಪ್‌ಬರ್ನ್ ಜೊತೆ ನಟಿಸಿದ 'ರೂಸ್ಟರ್ ಕಾಗ್‌ಬರ್ನ್' (1975) ಎಂಬ ಮುಂದುವರಿಕೆಯೂ ಇದೆ. ಬಿಡುವಿದ್ದರೆ ನೋಡಿ, ಬಿಟ್ಟರೂ ನಷ್ಟವಿಲ್ಲ.

ಪುಸ್ತಕದ ಕೊನೆಗೆ ಸುಮಾರು ಕಾಲು ಶತಮಾನ ಕಳೆದಿದೆ. 1903ರಲ್ಲಿ ರೂಸ್ಟರ್ ಒಂದು ಕುದುರೆ ಸರ್ಕಸ್ಸಿನಲ್ಲಿದ್ದಾನೆಂದು ತಿಳಿದು ಮ್ಯಾಟಿ ಮೆಂಫಿಸ್‌ಗೆ ಹೋಗುತ್ತಾಳೆ. ಕೆಲವೇ ದಿನ ಮೊದಲು ಅವನು ತೀರಿಕೊಂಡಿರುತ್ತಾನೆ. ಅವನ ದೇಹವನ್ನು ತರಿಸಿ ತನ್ನ ಕುಟುಂಬದ ಸ್ಮಶಾನದಲ್ಲಿ ಹೂಳಿಸುತ್ತಾಳೆ. ಊರವರು ಆಡಿಕೊಳ್ಳುತ್ತಾರೆ, ಅವಳು ಲೆಕ್ಕಿಸುವುದಿಲ್ಲ. ಹಳೆಯ ಚಿತ್ರದಲ್ಲಿ ಅದೇ ಸ್ಮಶಾನದಲ್ಲಿ ರೂಸ್ಟರ್ ಜೀವಂತ ನಿಂತು, ಟೋಪಿ ಬೀಸಿ, ಕುದುರೆಯನ್ನು ಬೇಲಿ ಹಾರಿಸಿಕೊಂಡು ಹೋಗುತ್ತಾನೆ. ಚಂದದ ದೃಶ್ಯ, ಇಲ್ಲವೆನ್ನಲಾರೆ. ಆ ಹೊತ್ತಿಗೆ ನಿಮ್ಮ ಪಕ್ಕದಲ್ಲಿ ಕುಳಿತ ಮಗ ಅಥವಾ ಮಗಳು, ಪಟ್ಟಿ ಕಟ್ಟಿದ ಮ್ಯಾಟಿಯ ಕೈಯತ್ತ ಬೆರಳು ತೋರಿಸಿ 'ಇದು ಇರಬಾರದಿತ್ತಲ್ಲ?' ಎಂದು ಕೇಳದಿದ್ದರೆ, ಪುಸ್ತಕ ಪೂರ್ತಿ ಓದಿಲ್ಲವೆಂದೇ ಲೆಕ್ಕ.